ಎರಡೂ ಕೈಗೆ ಪ್ಲಾಸ್ಟರ್

ಎಚ್‌ಬಿಒ ವಾಹಿನಿಯಲ್ಲಿ 2008ರಲ್ಲಿ ಬಂದ ‘ಇನ್ ಟ್ರೀಟ್‌ಮೆಂಟ್’ ಧಾರಾವಾಹಿಯಲ್ಲಿ ಓಡಾಟ ಇಲ್ಲವೆನ್ನುವಷ್ಟು ಕಡಿಮೆ. ಒಂದು ಕೋಣೆ, ಒಂದು ಸೋಫಾ, ಎದುರಿಗೆ ಮನೋಚಿಕಿತ್ಸಕ. ಬಂದವರು ಕೂತು ಅರ್ಧ ಗಂಟೆ ಮಾತಾಡಿ ಎದ್ದು ಹೋಗುತ್ತಾರೆ. ಅವರಲ್ಲಿ ಸೋಫಿ ಎಂಬ ಹದಿಹರೆಯದ ಜಿಮ್ನಾಸ್ಟ್ ಒಬ್ಬಳು. ಎರಡೂ ಕೈಗೆ ಪ್ಲಾಸ್ಟರ್. ಆದದ್ದು ಅಪಘಾತವೋ, ಇಲ್ಲ ಸಾಯಲೆಂದೇ ಹೊರಟಿದ್ದಳೋ ಎಂಬುದು ಎಲ್ಲರ ಅನುಮಾನ.

ಆ ಪಾತ್ರ ಮಾಡಿದ ಮಿಯಾ ವಾಶಿಕೋವ್‌ಸ್ಕಾ ಆಸ್ಟ್ರೇಲಿಯದ ಕ್ಯಾನ್‌ಬೆರಾದ ಹುಡುಗಿ, ಹುಟ್ಟಿದ್ದು 1989ರಲ್ಲಿ. ತಾಯಿ ಪೋಲೆಂಡ್ ಮೂಲದವರು. ತಂದೆ, ತಾಯಿ ಇಬ್ಬರದೂ ಫೋಟೊಗ್ರಫಿಯ ಕಸುಬು. ಮಗಳು ಹಿಡಿದದ್ದು ಬ್ಯಾಲೆ ನೃತ್ಯ. ತಾಲೀಮು ವಾರಕ್ಕೆ 35 ಗಂಟೆಯವರೆಗೂ ಹೋಯಿತು. ಶಾಲೆಗೆ ಹೋಗುವ ಮಗುವಿಗೆ ಅದು ಕಚೇರಿ ನೌಕರರ ದುಡಿಮೆಯಷ್ಟಾಯಿತು. ಹಿಮ್ಮಡಿ ನೋವು ಕಾಡಿತು. ಅದಕ್ಕಿಂತ ಹೆಚ್ಚಾಗಿ, ಮೈ ಹೀಗೇ ಇರಬೇಕು, ಕಾಲು ಇಷ್ಟೇ ಏಳಬೇಕು ಎಂಬ ಒತ್ತಾಯ ಸಾಕಾಗಿಹೋಯಿತು. ಹದಿನಾಲ್ಕಕ್ಕೆ ಬಿಟ್ಟಳು.

ಮುಂದಿನದನ್ನು ಅದೃಷ್ಟದ ಕಥೆಯಾಗಿ ಹೇಳುವ ಹಾಗಿಲ್ಲ. ನಟನೆಯ ಅನುಭವವೇ ಇಲ್ಲದ ಹುಡುಗಿ ಇಂಟರ್ನೆಟ್‌ನಲ್ಲಿ ನಟರ ಏಜೆನ್ಸಿಗಳನ್ನು ಹುಡುಕಿ ಒಂದೊಂದಕ್ಕೂ ತಾನೇ ಬರೆದಳು. ಉತ್ತರ ಬಂದದ್ದು ಒಂದೇ ಕಡೆಯಿಂದ. ಬಿಡದೆ ಫೋನ್ ಮಾಡಿ ಅವರನ್ನು ಭೇಟಿಗೆ ಒಪ್ಪಿಸಿದಳು. 2004ರಲ್ಲಿ ‘ಆಲ್ ಸೇಂಟ್ಸ್’ ಎಂಬ ಆಸ್ಪತ್ರೆ ಧಾರಾವಾಹಿಯ ಎರಡು ಕಂತುಗಳಲ್ಲಿ ಕಾಣಿಸಿಕೊಂಡಳು. 2006ರ ‘ಸಬರ್ಬನ್ ಮೇಹೆಮ್’ ಸಿನಿಮಾ ಯುವ ನಟರ ಪ್ರಶಸ್ತಿಗೆ ನಾಮನಿರ್ದೇಶನ ತಂದಿತು. ನಡುವೆ ಮೊಸಳೆ ಸಿನಿಮಾವೊಂದೂ ಬಂತು. ಹೊಸಬರಿಗೆ ಮೊಸಳೆಯೂ ಒಂದು ಮೆಟ್ಟಿಲು!

ಆಮೇಲೆ ಅಮೆರಿಕ, ಸೋಫಿ. ವರ್ಷಗಟ್ಟಲೆ ಕುಣಿದು ಪಳಗಿದ ಮೈಗೆ ದೊಡ್ಡ ಪರದೇಶದಲ್ಲಿ ಸಿಕ್ಕಿದ್ದು ಕೈ ಆಡಿಸಲೂ ಆಗದ ಪಾತ್ರ. ಅಲ್ಲಿ ಅವಳ ತಾಲೀಮು ಕೆಲಸಕ್ಕೆ ಬಂದ ರೀತಿ ನೋಡಬೇಕು. ಭುಜ ಸೆಟೆಯುವುದು, ಕತ್ತು ತಿರುಗುವುದು, ಸೋಫಾದ ಅಂಚಿಗೆ ಕೂತು ಹಿಂದಕ್ಕೆ ಒರಗಲು ಒಪ್ಪದಿರುವುದು. ತನ್ನ ಮೈಯನ್ನೇ ಶತ್ರುವಿನಂತೆ ಕಾಣುವ ಹುಡುಗಿ ಹೇಗಿರುತ್ತಾಳೆಂದು ಇವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎದುರಿಗೆ ಗೇಬ್ರಿಯಲ್ ಬರ್ನ್‌ನಂಥ ಪಳಗಿದ ನಟ ಕೂತಿದ್ದರೂ ನಮ್ಮ ಕಣ್ಣು ಅವಳ ಮೇಲೇ.

ಜಗತ್ತು ಅವಳನ್ನು ಗುರುತಿಸಿದ್ದು ಟಿಮ್ ಬರ್ಟನ್ ಅವರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ನಿಂದ. 2010ರಲ್ಲಿ ತೆರೆಗೆ ಬಂದ ಅದರ ಗಳಿಕೆ 100 ಕೋಟಿ ಡಾಲರ್ ದಾಟಿತು. ಹಸಿರು ಪರದೆಯ ಮುಂದೆ, ಕಣ್ಣಿಗೆ ಕಾಣದ ಪ್ರಾಣಿಗಳ ಜೊತೆ ಮಾತಾಡುವ ಕೆಲಸ ಅದು. ಆಲಿಸ್‌ಗಿಂತ ಸೋಫಿಯೇ ನನಗೆ ಹೆಚ್ಚು. ಅವಳಿಗೂ ಅಂಥ ಇನ್ನೊಂದು ಗೆಲುವಿನ ಅವಸರ ಇದ್ದಂತೆ ಕಾಣಲಿಲ್ಲ. ಅದೇ ವರ್ಷ ‘ದ ಕಿಡ್ಸ್ ಆರ್ ಆಲ್ ರೈಟ್’ ಎಂಬ ಸಣ್ಣ ಬಜೆಟ್ಟಿನ ಸಂಸಾರದ ಕಥೆ, ಮರುವರ್ಷ ‘ಜೇನ್ ಐರ್’.

‘ಜೇನ್ ಐರ್’ ಚಿತ್ರೀಕರಣದಲ್ಲಿ ಹಳೆಯ ಕಾಲದ ಆ ಉಡುಪಿನೊಳಗೆ ಗುಟ್ಟಾಗಿ ಒಂದು ಜೇಬು ಹೊಲಿಸಿಕೊಂಡು ಅದರಲ್ಲಿ ಕ್ಯಾಮೆರಾ ಇಟ್ಟುಕೊಂಡಿದ್ದಳು. ಶಾಟ್‌ಗಳ ನಡುವೆ ನಿರ್ದೇಶಕ ಕ್ಯಾರಿ ಫುಕುನಾಗ ಮತ್ತು ನಟ ಜೇಮಿ ಬೆಲ್ ಇಬ್ಬರನ್ನೂ ಸೆರೆಹಿಡಿದ ಅವಳ ಚಿತ್ರ 2011ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಭಾವಚಿತ್ರ ಫೋಟೊಗ್ರಫಿ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು. ಮನೆಯ ಕಸುಬು ಎನ್ನಬಹುದು. ಕನ್ನಡಿ ಮುಂದೆ ಅಷ್ಟು ವರ್ಷ ತನ್ನನ್ನೇ ತಿದ್ದಿಕೊಂಡವಳಿಗೆ ಬೇರೆಯವರನ್ನು ನೋಡುವ ಆಸೆ ಹುಟ್ಟಿತ್ತೇನೋ ಎಂದು ನನ್ನ ಊಹೆ. 2013ರಲ್ಲಿ ‘ದ ಟರ್ನಿಂಗ್’ ಎಂಬ ಆಸ್ಟ್ರೇಲಿಯದ ಚಿತ್ರದ ಒಂದು ಭಾಗವನ್ನು ಅವಳೇ ನಿರ್ದೇಶಿಸಿದಳು. ಅದು ತೆರೆ ಕಂಡಾಗ ಅವಳಿಗಿನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ.