ಸಣ್ಣ ಕಾರ್ಯಗಳಲ್ಲಿ ನಂಬಿಗಸ್ತಿಕೆ

(ಮನೆಯಲ್ಲಿ ಓದತಕ್ಕ ಭಾಗಗಳು: ದಾನಿಯೇಲ 6ನೆಯ ಅಧ್ಯಾಯ; ಲೂಕ 16: 10-13)



ಅರಸನ ಆಜ್ಞೆಗೆ ರುಜುವಾಯಿತೆಂದು ತಿಳಿದಾಗ ದಾನಿಯೇಲನು ಏನು ಮಾಡಿದನು? ಬೀದಿಗೆ ಹೋಗಿ ಕೂಗಲಿಲ್ಲ. ಊರು ಬಿಟ್ಟು ಓಡಲೂ ಇಲ್ಲ. ತನ್ನ ಮನೆಗೆ ಹೋಗಿ, ಯೆರೂಸಲೇಮಿನ ಕಡೆಗಿದ್ದ ಕಿಟಕಿಯ ಬಳಿಯಲ್ಲಿ ಮೊಣಕಾಲೂರಿ, ನಿನ್ನೆ ಮೊನ್ನೆ ಮಾಡಿದ ಪ್ರಾರ್ಥನೆಯನ್ನೇ ಅಂದೂ ಮಾಡಿದನು. ನಮ್ಮ ಭಾನುವಾರದ ಶಾಲೆಯ ಚಿತ್ರಗಳಲ್ಲಿ ಸಿಂಹಗಳನ್ನು ಬಹು ಚೆನ್ನಾಗಿ ಬರೆಯುತ್ತಾರೆ. ಆ ಕಿಟಕಿಯನ್ನು ಬರೆಯುವವರು ಅಪರೂಪ. ಆದರೆ ಗವಿಯಲ್ಲಿ ಕಂಡ ಧೈರ್ಯವು ಗವಿಯಲ್ಲಿ ಹುಟ್ಟಿದ್ದಲ್ಲ. ಯಾರೂ ನೋಡದ ದಿನಗಳಲ್ಲಿ, ಅದೇ ಕಿಟಕಿಯ ಬಳಿಯಲ್ಲಿ ಅದು ಬೆಳೆದಿತ್ತು.

ಪೇತ್ರನ ಸಂಗತಿಯು ಇದಕ್ಕೆ ವಿರೋಧವಾದದ್ದು. ಸಾಯುವದಕ್ಕೂ ಸಿದ್ಧನಾಗಿದ್ದೇನೆಂದು ಆತನು ಮಾತು ಕೊಟ್ಟನು. ಅದೇ ರಾತ್ರಿಯಲ್ಲಿ ಒಂದು ತಾಸು ಎಚ್ಚರವಾಗಿರಲು ಆತನಿಂದ ಆಗಲಿಲ್ಲ (ಮತ್ತಾಯ 26). ದಾಸಿಯ ಮುಂದೆ ಸೋಲುವದಕ್ಕಿಂತ ಮೊದಲೇ ನಿದ್ರೆಯ ಮುಂದೆ ಸೋತಿದ್ದನು. ನಮ್ಮಲ್ಲಿ ಅನೇಕರು ಪೇತ್ರನ ಜಾತಿಯವರೇ; ಈ ಉಪದೇಶಿಯೂ ಅದರಲ್ಲಿ ಸೇರಿದವನು.

ಈಗ ನಮ್ಮ ಹೊಲಗಳಿಗೆ ಬರೋಣ. ಸಿಂಧನೂರಿನ ಕಡೆಯವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಟು. ಮುದಗಲ್ಲಿನ ಸುತ್ತಣ ಬಹಳ ಮಂದಿ ಒಕ್ಕಲಿಗರಿಗೆ ಮಳೆಯೇ ಆಧಾರ. ಹತ್ತಿಯನ್ನು ಬಿಡಿಸಿ ಅಂಡಿಗೆ ತುಂಬುವಾಗ ಮೇಲೆ ನಾಲ್ಕು ಚೊಂಬು ನೀರು ಚಿಮುಕಿಸಿದರೆ ತೂಕ ಏರುತ್ತದೆಂದು ಎಲ್ಲರೂ ಬಲ್ಲರು. ನಮ್ಮ ಸಭೆಯ ಒಬ್ಬ ಸಹೋದರನು ಒಂದು ಸಾಯಂಕಾಲ ಬಂದು ನಮ್ಮನ್ನು ಹೀಗೆ ಕೇಳಿದನು: "ಅಯ್ಯನವರೇ, ಎಲ್ಲರೂ ನೀರು ಹೊಡೆಯುತ್ತಾರೆಂದು ದಲಾಲಿಯು ಮೊದಲೇ ತೂಕದಲ್ಲಿ ಕಡಿದುಕೊಳ್ಳುತ್ತಾನೆ. ನಾನು ಹೊಡೆಯದೆ ಒಯ್ದರೂ ಅಷ್ಟೇ ಕಡಿಯುತ್ತಾನೆ. ನನಗೆ ಎರಡು ಕಡೆಯಿಂದ ಪೆಟ್ಟು. ಮನೆಯಲ್ಲಿ ಸಾಲವಿದೆ. ಇದು ಪಾಪವೋ?"

ಕೇಳಿದ್ದು ಸುಲಭದ ಪ್ರಶ್ನೆಯಲ್ಲ. ಸಂಬಳ ತಿನ್ನುವವನು ಸಾಲಗಾರನಿಗೆ ಉಪದೇಶ ಹೇಳುವದು ಬಹು ಹಗುರ. ಆದಾಗ್ಯೂ ಮೋಸದ ತಕ್ಕಡಿಯನ್ನು ಕರ್ತನು ಹೇಸುತ್ತಾನೆಂಬದು ಜ್ಞಾನೋಕ್ತಿಗಳಲ್ಲಿ ಸ್ಪಷ್ಟವಾಗಿದೆ. ದಲಾಲಿಯ ಮೋಸವು ನಮ್ಮ ಮೋಸವನ್ನು ತೊಳೆಯುವದಿಲ್ಲ. ಹಾಗೆಂದೇ ಹೇಳಿದೆವು. ಒಣ ಹತ್ತಿ ಮಾರಿದವನಿಗೆ ದೇವರು ಮುಂದಿನ ಸುಗ್ಗಿಯಲ್ಲಿ ಎರಡರಷ್ಟು ಕೊಡುವನೆಂದು ಮಾತ್ರ ನಾವು ಹೇಳಲಿಲ್ಲ. ಹಾಗೆ ಹೇಳುವವರು ದೇವರನ್ನೂ ಒಬ್ಬ ದಲಾಲಿಯನ್ನಾಗಿ ಮಾಡುತ್ತಾರೆ. ಆತನು ಒಣ ಹತ್ತಿಯನ್ನೇ ಒಯ್ದನು, ನಷ್ಟವೂ ಆಯಿತು. ಆದರೆ ಅಂದಿನಿಂದ ಪ್ರಾರ್ಥನೆಗೆ ನಿಂತಾಗ ತನ್ನ ಬಾಯಿ ಕಟ್ಟುವದಿಲ್ಲವೆಂದು ಆತನು ತಾನಾಗಿಯೇ ಹೇಳಿದನು.

ಮತ್ತೊಂದು ಪ್ರಶ್ನೆಯು ವರುಷಕ್ಕೊಮ್ಮೆ ತಪ್ಪದೆ ಬರುತ್ತದೆ. ಮುದಗಲ್ಲಿನ ಮೊಹರಮ್ಮು ದೂರದೂರದ ಊರುಗಳಿಗೂ ಹೆಸರಾದದ್ದು. ಮುಸಲ್ಮಾನರೂ ಹಿಂದುಗಳೂ ಕೂಡಿ ಅಲಾಯಿ ಹಬ್ಬವನ್ನು ಮಾಡುತ್ತಾರೆ. ನೆರೆಮನೆಯಾಕೆ ಚೊಂಗೆಯ ತಟ್ಟೆಯನ್ನು ಹಿಡಿದು ಬಾಗಿಲಲ್ಲಿ ನಿಂತರೆ ತೆಗೆದುಕೊಳ್ಳಬೇಕೋ ಬೇಡವೋ? ಸಭೆಯ ಹಿರಿಯರಲ್ಲಿ ಕೆಲವರು ಕೂಡದೆನ್ನುತ್ತಾರೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ನೆಯ ಮತ್ತು 10ನೆಯ ಅಧ್ಯಾಯಗಳನ್ನು ಸಾವಕಾಶವಾಗಿ ಓದಿರಿ. ಎಡೆಯಿಟ್ಟದ್ದೆಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಗೋಸ್ಕರ ಬಿಡಬೇಕು. ಸುಮ್ಮನೆ ಕೊಟ್ಟದ್ದನ್ನು ಕೆದಕಿ ವಿಚಾರಿಸಬೇಕಾಗಿಲ್ಲ. ಬಿಡುವದಾದರೂ ನಮಸ್ಕರಿಸಿ, ಮೃದುವಾದ ಮಾತಿನಿಂದ ಬಿಡಿರಿ. ನೆರೆಯವರ ಭಕ್ತಿಯನ್ನು ಹಾಸ್ಯಮಾಡುವದು ಕ್ರಿಸ್ತನ ಶಿಷ್ಯರಿಗೆ ತಕ್ಕದ್ದಲ್ಲ.

ನಮ್ಮ ಅಭಿಪ್ರಾಯದಲ್ಲಿ ಚೊಂಗೆಗಿಂತ ದೊಡ್ಡ ಸಂಗತಿಯು ಬೇರೆ ಉಂಟು. ಮಗುವಿಗೆ ಜ್ವರ ಏರಿದ ಮಧ್ಯರಾತ್ರಿಯಲ್ಲಿ ತಾಯಿಯು ಯಾರ ಹೆಸರನ್ನು ಮೊದಲು ಹಿಡಿಯುತ್ತಾಳೆ? ಭಾನುವಾರ ಯೇಸುವಿಗೆ ಕೀರ್ತನೆ ಹಾಡಿ, ಬುಧವಾರ ಗುಟ್ಟಾಗಿ ಹರಕೆ ಹೊತ್ತವರನ್ನು ನಾವು ಬಲ್ಲೆವು. ಅವರನ್ನು ಬೈಯುವದಕ್ಕೆ ನಮಗೆ ಮನಸ್ಸು ಬರುವದಿಲ್ಲ. ಭಯವು ಎಂಥದೆಂದು ಮಕ್ಕಳುಳ್ಳವರಿಗೆಲ್ಲಾ ಗೊತ್ತು. ಆದರೆ ತಾಯಂದಿರೇ, ಜ್ವರವಿಲ್ಲದ ರಾತ್ರಿಗಳಲ್ಲಿ ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ವಾಡಿಕೆಯಿದ್ದರೆ, ಜ್ವರದ ರಾತ್ರಿಯಲ್ಲಿ ಆ ಕೈ ಬೇರೆ ಕಡೆಗೆ ಹೋಗದು. ವೈದ್ಯನ ಬಳಿಗೂ ಹೋಗಿರಿ, ಅದು ಅವಿಶ್ವಾಸವಲ್ಲ.

ನಮ್ಮ ನೆರೆಯ ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವೊಂದುಂಟು. 1915ರಲ್ಲಿ ಚಿನ್ನವನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನು ಅದನ್ನು ಕಂಡನು. ದೊಡ್ಡವರು ಮಾತ್ರವೇ ಅಲ್ಲ, ಧರ್ಮದಲ್ಲಿ ಆಸಕ್ತಿಯುಳ್ಳ ಅಲ್ಪನೂ ಉನ್ನತವಾದದ್ದನ್ನು ಹೊಂದಬಹುದೆಂಬದು ಅದರ ತಾತ್ಪರ್ಯ. ಒಳ್ಳೆಯ ಮಾತು, ನಾವು ಅದನ್ನು ಮಾನಿಸುತ್ತೇವೆ. ಆದರೆ ಸುವಾರ್ತೆಯು ಬೇರೆ ಕಡೆಯಿಂದ ಪ್ರಾರಂಭಿಸುತ್ತದೆ. ಪ್ರಯಾಸಪಟ್ಟು ದೇವರ ಮಕ್ಕಳಾಗಿರಿ ಎನ್ನುವದಿಲ್ಲ. ಮಕ್ಕಳಾದಿರಿ, ಮಕ್ಕಳಂತೆ ನಡೆಯಿರಿ ಎನ್ನುತ್ತದೆ. ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಕೃಪೆಯು ಮೊದಲು, ಸತ್ಕ್ರಿಯೆಗಳು ಅದರ ಹಿಂದೆ. ಒಣ ಹತ್ತಿಯಿಂದ ರಕ್ಷಣೆಯನ್ನು ಕೊಂಡುಕೊಳ್ಳಲಾಗದು.

ಸತ್ಯವೇದದ ಓದಿನ ವಿಷಯದಲ್ಲಿ ಒಂದೇ ಮಾತು. ಜಾನ್ ಹ್ಯಾಂಡ್ಸ್ ಎಂಬ ಮಿಷನೆರಿಯು 1810ರಲ್ಲಿ ಬಳ್ಳಾರಿಗೆ ಬಂದನು. ಕನ್ನಡದಲ್ಲಿ ಸಂಪೂರ್ಣ ಸತ್ಯವೇದವು ಸಿದ್ಧವಾದದ್ದು 1831ರಲ್ಲಿ. ಇಪ್ಪತ್ತೊಂದು ವರುಷ ವಚನವಚನವಾಗಿ ನಡೆದ ಆ ಕೆಲಸದ ಫಲವು ಗೂಡಿನಲ್ಲಿ ಧೂಳು ಹಿಡಿದಿದ್ದರೆ, ಇಂದು ದೀಪ ಹಚ್ಚಿದ ಮೇಲೆ ಅದನ್ನು ಕೆಳಗಿಳಿಸಿರಿ. ಓದಲು ಬಾರದವರು ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿರಿ.

ಕಡೆಗೆ ಹಿಡಿ ಜೋಳದ ಸಂಗತಿ. ಬೀಸುವದಕ್ಕೆ ಜೋಳ ತೆಗೆಯುವಾಗ ಒಂದು ಹಿಡಿಯನ್ನು ಸಭೆಗೆಂದು ಕುಡಿಕೆಯಲ್ಲಿ ಹಾಕಿಡುವ ಪದ್ಧತಿಯು ನಮ್ಮ ಕೆಲವು ಮನೆಗಳಲ್ಲುಂಟು. ಮಳೆ ತಪ್ಪಿದ ಒಂದು ವರುಷ, ಒಬ್ಬ ವಿಧವೆಯ ಮನೆಗೆ ಹೋಗಿ, "ಅವ್ವಾ, ಈ ವರುಷ ನೀನು ಹಾಕಬೇಡ, ಕುಡಿಕೆಯನ್ನು ನಾವು ಒಯ್ಯುತ್ತೇವೆ" ಎಂದೆವು. ಕನಿಕರದಿಂದಲೇ ಹೇಳಿದ್ದು. ಆಕೆಯು ಕುಡಿಕೆಯ ಮುಂದೆ ಬಂದು ನಿಂತು, "ಅಯ್ಯನವರೇ, ನನಗೆ ಓದು ಬರದು, ಹಾಡು ನೆನಪಿರದು. ಈ ಹಿಡಿ ಹಾಕುವಾಗಲೇ ನಾನು ಸ್ವಾಮಿಯ ಹೆಸರು ಹೇಳುವದು. ಹಿಡಿ ಬೇಡವಾದರೆ ಚಿಟಿಕೆ ಹಾಕುತ್ತೇನೆ. ಕುಡಿಕೆಯನ್ನು ಮಾತ್ರ ಒಯ್ಯಬೇಡಿರಿ" ಎಂದಳು.

ತಿಂಗಳ ಕಡೆಯಲ್ಲಿ ಆಕೆಯ ಜೋಳವು ಕುಡಿಕೆಯ ತಳವನ್ನು ಮುಚ್ಚುವಷ್ಟಿತ್ತು. ಅದನ್ನೂ ಅಳೆದು ಉಳಿದವರ ಲೆಕ್ಕದೊಂದಿಗೆ ಬರೆದೆವು. ಬರೆಯುವಾಗ ನೆನಪಾಯಿತು: ನಮ್ಮ ಸ್ವಂತ ಮನೆಯಲ್ಲಿ ಅಂಥ ಕುಡಿಕೆ ಇರಲಿಲ್ಲ. ಮರುದಿನ ಕುಂಬಾರನಲ್ಲಿಗೆ ಹೋಗಿ ಒಂದನ್ನು ಕೊಂಡು ತಂದೆವು.