ಅರ್ಜಿಯೊಳಗಿನ ಬಡವರು



ಸಮಾಜಕ್ಕೆ ಏನಾದರೂ ಮಾಡಬೇಕೆಂಬ ಹಂಬಲವುಳ್ಳ ವಿದ್ಯಾವಂತ ಯುವಜನರು ಹಿಂದೆ ವೈದ್ಯಶಿಕ್ಷಣವನ್ನೋ, ಕಾನೂನನ್ನೋ, ಸಮಾಜಕಾರ್ಯವನ್ನೋ ಆರಿಸಿಕೊಳ್ಳುತ್ತಿದ್ದರು, ಇಲ್ಲವೇ ಐ.ಎ.ಎಸ್. ಪರೀಕ್ಷೆಗೆ ಕೂರುತ್ತಿದ್ದರು. ಈಚಿನ ವರ್ಷಗಳಲ್ಲಿ ಮತ್ತೊಂದು ದಾರಿಯೂ ಅವರ ಕಣ್ಣಿಗೆ ಬಿದ್ದಿದೆ. ಅದು ‘ಪಬ್ಲಿಕ್ ಪಾಲಿಸಿ’, ಎಂದರೆ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಅಧ್ಯಯನ. ಸರಕಾರವು ಒಂದು ಯೋಜನೆಯನ್ನು ಹೇಗೆ ರೂಪಿಸುತ್ತದೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ತಲುಪಬೇಕಾದವರನ್ನು ಅದು ಏಕೆ ತಲುಪುವುದಿಲ್ಲ, ತಲುಪಿದರೂ ಅದರ ಫಲವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗಳನ್ನು ಈ ವಿದ್ಯೆ ಕೇಳುತ್ತದೆ.

ಇದು ಬಹಳ ಹಳೆಯ ವಿದ್ಯೆಯಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲೋಕಾಡಳಿತದ ಶಾಲೆಯೊಂದು 1936ರಲ್ಲಿ ಹುಟ್ಟಿತು. 1966ರಲ್ಲಿ ಅದಕ್ಕೆ ಜಾನ್ ಕೆನಡಿಯವರ ಹೆಸರಿಡಲಾಯಿತು. ಬರ್ಕ್ಲಿಯಲ್ಲಿ 1969ರಲ್ಲಿ ಇಂಥದೇ ಶಾಲೆ ತೆರೆಯಿತು. ಸಿಂಗಾಪುರದ ಲೀ ಕುವಾನ್ ಯೂ ಶಾಲೆ 2004ರದ್ದು, ಆಕ್ಸ್‌ಫರ್ಡಿನ ಬ್ಲಾವಟ್ನಿಕ್ ಶಾಲೆ 2010ರದ್ದು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿಯೂ 2014ರಿಂದ ಈ ಸ್ನಾತಕೋತ್ತರ ಪದವಿ ಇದೆ. ಆದರೂ ‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬ ಮಾತಿನಂತೆ ಹಲವರು ಹೊರದೇಶಗಳತ್ತ ಮುಖ ಮಾಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ನಾನಿಲ್ಲಿ ಚಿಂತಿಸಬಯಸುವುದು ಆ ಪದವಿಯ ಬಗ್ಗೆ ಅಲ್ಲ. ಅದಕ್ಕೆ ಹಾಕುವ ಅರ್ಜಿಯ ಬಗ್ಗೆ. ಅರ್ಜಿಯೆಂದರೆ ಅಂಕಪಟ್ಟಿಯ ಪ್ರತಿ ಮಾತ್ರವಲ್ಲ. ಎರಡು ಮೂರು ಶಿಫಾರಸು ಪತ್ರಗಳು ಬೇಕು. ಅವೆಲ್ಲಕ್ಕಿಂತ ಮಿಗಿಲಾಗಿ, ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಎಂಬ ಉದ್ದೇಶಪತ್ರ ಬೇಕು. ‘ನೀನು ಯಾರು? ಯಾವ ಸಮಸ್ಯೆ ನಿನ್ನ ಮನಸ್ಸನ್ನು ಕಲಕಿದೆ? ಅದಕ್ಕಾಗಿ ಏನು ಮಾಡಿದ್ದೀಯೆ? ಕಲಿತು ಹಿಂದಿರುಗಿ ಏನು ಮಾಡುವೆ?’ ಎಂಬ ಪ್ರಶ್ನೆಗಳಿಗೆ ಅದು ಉತ್ತರ. ಯೋಚಿಸಿ ನೋಡಿ, ಇವು ಆತ್ಮಾವಲೋಕನದ ಪ್ರಶ್ನೆಗಳೇ. ಇವನ್ನು ಕೇಳುವವರು ಅಪರಿಚಿತರು, ಉತ್ತರ ಚೆನ್ನಾಗಿದ್ದರೆ ಸೀಟು ಸಿಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಆ ವ್ಯತ್ಯಾಸದಲ್ಲಿಯೇ ನೈತಿಕ ಪ್ರಶ್ನೆ ಅಡಗಿದೆ.

ಯಾರ ಕಥೆ, ಯಾರ ಲಾಭ?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ ಬೆರಳಚ್ಚು ತಾಳೆಯಾಗದೆ, ಖಾಲಿ ಚೀಲ ಹಿಡಿದು ಹಿಂದಿರುಗುವ ವೃದ್ಧೆಯೊಬ್ಬಳು ಇದ್ದಾಳೆ. ದುಡಿದು ದುಡಿದು ಆಕೆಯ ಬೆರಳ ಗೆರೆಗಳು ಸವೆದಿವೆ. ಎರಡು ತಿಂಗಳ ಕ್ಷೇತ್ರಕಾರ್ಯಕ್ಕೆಂದು ಆ ಊರಿಗೆ ಹೋದ ಯುವಕನೊಬ್ಬ ಇದನ್ನು ನೋಡುತ್ತಾನೆ. ಅವನ ಮನಸ್ಸು ನಿಜಕ್ಕೂ ನೋಯುತ್ತದೆ. ಎರಡು ವರ್ಷದ ನಂತರ ಉದ್ದೇಶಪತ್ರ ಬರೆಯಲು ಕುಳಿತಾಗ ಆ ಅಜ್ಜಿ ನೆನಪಾಗುತ್ತಾಳೆ. ಮೊದಲ ಕರಡಿನಲ್ಲಿ ಕಂಡದ್ದು ಕಂಡಂತೆಯೇ ಇರುತ್ತದೆ. ಎರಡನೆಯದರಲ್ಲಿ ಆಕೆಯ ಕಣ್ಣಲ್ಲಿ ನೀರು ತುಂಬುತ್ತದೆ. ಮೂರನೆಯದರಲ್ಲಿ ಆಕೆ ಯುವಕನ ಕೈ ಹಿಡಿದು ಏನೋ ಬೇಡಿಕೊಳ್ಳುತ್ತಾಳೆ. ನಾಲ್ಕನೆಯದರಲ್ಲಿ ಅವನು ಇಡೀ ತಾಲೂಕಿನ ಪಡಿತರ ವ್ಯವಸ್ಥೆಯನ್ನೇ ಸರಿಪಡಿಸಿರುತ್ತಾನೆ! ಇಂದು ಇಂಥ ಕರಡನ್ನು ಕ್ಷಣಮಾತ್ರದಲ್ಲಿ ತಿದ್ದಿ ತೀಡಿ ಕೊಡಲು ಕೃತಕ ಬುದ್ಧಿಮತ್ತೆಯೂ ಸಿದ್ಧವಾಗಿದೆ.

ಇಲ್ಲಿ ಯಾರಿಗೆ ಅನ್ಯಾಯವಾಯಿತು? ಅಜ್ಜಿಯ ಅಕ್ಕಿಯನ್ನು ಆತ ಕದ್ದಿಲ್ಲ. ಆಕೆಗೆ ಈ ಪತ್ರದ ಸುದ್ದಿಯೂ ತಿಳಿಯದು. ಆದರೂ ಆಕೆಯಿಂದ ಏನೋ ಒಂದನ್ನು ತೆಗೆದುಕೊಂಡಂತಾಗಲಿಲ್ಲವೇ? ಉಳ್ಳವರ ಕಷ್ಟಸುಖಗಳನ್ನು ನಾವು ಅವರ ಅಪ್ಪಣೆಯಿಲ್ಲದೆ ಬರೆಯಲು ಅಂಜುತ್ತೇವೆ. ಬಡವರದಾದರೆ ಊರ ಮುಂದಿನ ಕೆರೆಯ ನೀರಿನಂತೆ ಮೊಗೆದುಕೊಳ್ಳುತ್ತೇವೆ. ಆಕೆಯ ಸಂಕಟ ನಮ್ಮ ಬಂಡವಾಳವಾಗುತ್ತದೆ, ಬಡ್ಡಿಯೂ ನಮಗೇ ಸೇರುತ್ತದೆ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದು, ಆತನೇ ಗುರಿಯೂ ಆಗಿರಬೇಕು ಎಂದು ಇಮ್ಮಾನುಯೆಲ್ ಕಾಂಟ್ ಎಂಬ ತತ್ವಜ್ಞಾನಿ ವಾದಿಸಿದ್ದು ಇಂಥ ಸಂದರ್ಭಗಳಿಗೂ ಅನ್ವಯಿಸುತ್ತದೆ.

ಹಾಗಾದರೆ ಬಡವರ ಬಗ್ಗೆ ಬರೆಯಲೇಬಾರದೇ? ಖಂಡಿತ ಬರೆಯಬೇಕು. ಬರೆಯದಿದ್ದರೆ ನೀತಿ ರೂಪಿಸುವವರಿಗೆ ಅವರು ಕಾಣುವುದೇ ಇಲ್ಲ. ಡಾ. ಬಿ. ಆರ್. ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಜಾತಿಪದ್ಧತಿಯ ಕುರಿತು ಪ್ರಬಂಧವೊಂದನ್ನು ಓದಿದರು. ಅಸ್ಪೃಶ್ಯತೆಯ ಅವಮಾನವನ್ನು ಬಾಲ್ಯದಿಂದಲೂ ಉಂಡವರು ಅವರು. ಕೇಳುಗರ ಮನ ಕರಗಿಸಲು ಅದನ್ನೇ ಬಣ್ಣಿಸಬಹುದಿತ್ತು. ಅವರು ಮಾಡಿದ್ದು ಬೇರೆ. ಜಾತಿಯೊಳಗೇ ಮದುವೆ ಎಂಬ ಕಟ್ಟು ಹೇಗೆ ಹುಟ್ಟಿತು, ಹೇಗೆ ಹರಡಿತು ಎಂಬುದನ್ನು ತರ್ಕದಿಂದ ಬಿಡಿಸಿಟ್ಟರು. ತನ್ನದೇ ನೋವನ್ನು ಸಹ ಮಾರಾಟಕ್ಕಿಡದೆ, ಎಲ್ಲರೂ ಉತ್ತರಿಸಬೇಕಾದ ಪ್ರಶ್ನೆಯನ್ನಾಗಿ ಮಾಡಿದರು. ಕನಿಕರ ಹುಟ್ಟಿಸುವ ಬರಹ ಓದುಗನನ್ನು ಬರೆದವನತ್ತ ನೋಡುವಂತೆ ಮಾಡುತ್ತದೆ. ಪ್ರಶ್ನೆ ಎತ್ತುವ ಬರಹ ಅನ್ಯಾಯದತ್ತ ನೋಡುವಂತೆ ಮಾಡುತ್ತದೆ.

‘ನಾನು’ ಮತ್ತು ‘ನಾವು’

ಎರಡನೆಯ ತೊಡಕು ‘ನಾನು’ ಎಂಬ ಪದದ್ದು. ಅರ್ಜಿಗಳು ನಾಯಕತ್ವದ ಪುರಾವೆ ಕೇಳುತ್ತವೆ. ಆದರೆ ಹಳ್ಳಿಯೊಂದಕ್ಕೆ ಕುಡಿಯುವ ನೀರು ಬಂದದ್ದು ಯಾರಿಂದ? ಸ್ವಸಹಾಯ ಸಂಘದ ಹೆಂಗಸರು ಪಂಚಾಯಿತಿ ಕಚೇರಿಗೆ ಹತ್ತಾರು ಸಲ ಅಲೆದರು. ಸದಸ್ಯರೊಬ್ಬರು ಪಟ್ಟು ಹಿಡಿದರು. ಎಂಜಿನಿಯರರೊಬ್ಬರು ಕಡತವನ್ನು ಮುಂದಕ್ಕೆ ತಳ್ಳಿದರು. ಅಂಕಿ ಅಂಶಗಳನ್ನು ಕಲೆಹಾಕಿದ ವಿದ್ಯಾರ್ಥಿಯದೂ ಒಂದು ಪಾಲಿದೆ, ನಿಜ. ಆದರೆ ಪತ್ರದಲ್ಲಿ ಉಳಿದವರೆಲ್ಲ ಮಾಯವಾಗಿ, ‘ನಾನು ನೀರು ತಂದೆ’ ಎಂಬ ಒಂದೇ ವಾಕ್ಯ ಉಳಿಯುತ್ತದೆ. ನಮ್ಮ ರಾಜ್ಯದ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರನ್ನು ಜನ ‘ನೀರ್ ಸಾಬ್’ ಎಂದು ಕರೆದರು. ಆ ಹೆಸರನ್ನು ಊರೂರಿನ ಜನರೇ ಕೊಟ್ಟರು, ಅರ್ಜಿಯಲ್ಲಿ ಅವರೇ ಬರೆದುಕೊಂಡದ್ದಲ್ಲ.

ಶಿಫಾರಸು ಪತ್ರದ ಮಾತೂ ಇದಕ್ಕೆ ಸೇರಿದ್ದೇ. ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ’ ಎನ್ನುವ ರೂಢಿ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಬೇರೂರಿದೆ. ಇದನ್ನು ಉಪಕಾರವೆಂದೇ ಬಗೆಯಲಾಗುತ್ತದೆ. ಆದರೆ ಇನ್ನೊಬ್ಬರ ಬಾಯಿಯಿಂದ ತನ್ನನ್ನು ತಾನೇ ಹೊಗಳಿಕೊಳ್ಳುವ ಪಾಠವನ್ನು ಶಿಷ್ಯನಿಗೆ ಕಲಿಸಿದ ಗುರು ಆತನಿಗೆ ಉಪಕಾರ ಮಾಡಿದನೇ? ಇಂಥ ಪತ್ರಕ್ಕಾಗಿ ಯುವಜನರು ಉಪನ್ಯಾಸಕರು, ಅಧಿಕಾರಿಗಳು, ಗುರುಗಳಾದ ನಮ್ಮ ಬಳಿಗೂ ಬರುತ್ತಾರೆ. ಅರ್ಧ ಪುಟವಾದರೂ ಸರಿ, ನಾವೇ ಬರೆಯೋಣ. ಕಂಡಷ್ಟನ್ನೇ ಬರೆಯೋಣ. ಅಷ್ಟು ಪರಿಚಯವಿಲ್ಲದಿದ್ದರೆ ಹಾಗೆಂದು ಹೇಳಿ ಕಳುಹಿಸೋಣ.

‘ಎಲ್ಲರೂ ಹೀಗೇ ಬರೆಯುತ್ತಾರೆ, ಓದುವವರಿಗೂ ಅದು ಗೊತ್ತು, ನಾನೊಬ್ಬ ಸತ್ಯವಂತನಾದರೆ ಹಿಂದೆ ಉಳಿಯುತ್ತೇನೆ’ ಎಂದು ಯುವಜನರು ವಾದಿಸಬಹುದು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸತ್ಯ ಹೇಳಿದವನು ಸೀಟು ಕಳೆದುಕೊಳ್ಳುವುದು ಸಾಧ್ಯ. ಆದರೆ ಸುಳ್ಳು ಹೇಳಿ ಸೀಟು ಪಡೆದವನು ಅದನ್ನು ನಿಜ ಹೇಳಿದ ಮತ್ತೊಬ್ಬನಿಂದ ಕಸಿದುಕೊಂಡಿರುತ್ತಾನೆ ಎಂಬುದನ್ನೂ ನೆನೆಯಬೇಕು. ಇನ್ನೊಂದು ಕಾರಣ ಅದಕ್ಕಿಂತ ಗಂಭೀರವಾದುದು. ನೀತಿ ರೂಪಿಸುವವನ ಕೆಲಸವಾದರೂ ಏನು? ಸಭೆಯಲ್ಲಿ ಇಲ್ಲದವರ ಬಗ್ಗೆ ಸಭೆಯಲ್ಲಿ ಇರುವವರಿಗೆ ನಿಜ ಹೇಳುವುದು. ಅಜ್ಜಿಯ ಕಥೆಗೆ ಸೀಟಿಗಾಗಿ ಬಣ್ಣ ಬಳಿಯಲು ಅಭ್ಯಾಸವಾದ ಕೈ, ನಾಳೆ ಮಂತ್ರಿಗಳ ಮೆಚ್ಚುಗೆಗಾಗಿ ಅಂಕಿ ಅಂಶಗಳಿಗೆ ಬಣ್ಣ ಬಳಿಯದೆ ಇರುವುದೇ? ಇಂಗ್ಲಿಷಿನಲ್ಲಿ ಸರಕಾರದ ಪಾಲಿಸಿಗೂ ಮನುಷ್ಯನ ಸದಾಚಾರಕ್ಕೂ ಬೇರೆ ಬೇರೆ ಪದಗಳಿವೆ. ಕನ್ನಡದಲ್ಲಿ ಎರಡಕ್ಕೂ ‘ನೀತಿ’ ಎಂಬ ಒಂದೇ ಪದ ಸಲ್ಲುತ್ತದೆ. ಅದನ್ನು ಭಾಷೆಯ ಬಡತನವೆಂದು ಎಣಿಸದೆ ಎಚ್ಚರಿಕೆಯೆಂದು ತಿಳಿಯುವುದು ಲೇಸು.

ಹಿಂದಿರುಗುವ ಮಾತು

ಕೊನೆಯದಾಗಿ, ವಾಗ್ದಾನದ ಪ್ರಶ್ನೆ. ಬ್ರಿಟನ್ ಸರಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಪಡೆದವರು ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ನಿಯಮವಿದೆ. ಬೇರೆ ಅರ್ಜಿಗಳಲ್ಲಿ ಷರತ್ತಿಲ್ಲದಿದ್ದರೂ ‘ನನ್ನ ನಾಡಿಗೆ ಮರಳಿ ಸೇವೆ ಸಲ್ಲಿಸುತ್ತೇನೆ’ ಎಂಬ ವಾಕ್ಯ ಸಾಮಾನ್ಯ. ಅದೇ ವೇಳೆ, ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ನೆರವಿಲ್ಲದೆ ಎರಡು ವರ್ಷ ಓದಲು ಶುಲ್ಕ ಮತ್ತು ಜೀವನವೆಚ್ಚ ಸೇರಿ ಕೋಟಿ ರೂಪಾಯಿ ದಾಟುತ್ತದೆ. ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಹೋದವನು ಸಾಲದ ಕಂತಿಗಾಗಿಯೇ ಅಲ್ಲಿ ಉಳಿಯಬೇಕಾಗಬಹುದು. ಅವನನ್ನು ದೂಷಿಸುವ ಮೊದಲು ಒಂದು ಮಾತು: ಪ್ರಾಮಾಣಿಕತೆ ಎಂದರೆ ಆ ಸಾಲದ ಲೆಕ್ಕವನ್ನು ವಾಗ್ದಾನಕ್ಕೆ ಮುಂಚೆ ಹಾಕುವುದು, ಆಮೇಲಲ್ಲ.

ಅಂಬೇಡ್ಕರರ ಬದುಕು ಇಲ್ಲಿಯೂ ಬೆಳಕು ಚೆಲ್ಲುತ್ತದೆ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅವರು ಅಮೆರಿಕಕ್ಕೆ ಹೋದರು. ಓದಿನ ನಂತರ ಆ ಸಂಸ್ಥಾನದ ಸೇವೆ ಮಾಡುವ ಕರಾರಿತ್ತು. ವಿದ್ಯಾರ್ಥಿವೇತನದ ಅವಧಿ ಮುಗಿದಾಗ, ಲಂಡನ್ನಿನ ಓದನ್ನು ಅರ್ಧಕ್ಕೇ ನಿಲ್ಲಿಸಿ 1917ರಲ್ಲಿ ಮರಳಿ ಬಂದರು, ಬರೋಡಕ್ಕೆ ಹೋದರು. ಅವರಿಗೆ ಅಲ್ಲಿ ನೆಲೆಯಾಗಿ ಇರಲು ಒಂದು ಕೋಣೆಯೂ ದಕ್ಕಲಿಲ್ಲ. ನೌಕರಿ ಬಿಡಬೇಕಾಯಿತು. ಆ ಕರಾರಿನ ಅಕ್ಷರವನ್ನು ನಡೆಸಿಕೊಡಲು ನಗರವೇ ಬಿಡಲಿಲ್ಲ. ಆದರೆ ಅದರ ಆಶಯವನ್ನು ಅವರು ಒಂದು ಸಂಸ್ಥಾನಕ್ಕಲ್ಲ, ಇಡೀ ದೇಶಕ್ಕೆ ಸಲ್ಲಿಸಿದರು. ಮರಳುವುದು ಎಂದರೆ ಊರಿಗೆ ಮರಳುವುದಷ್ಟೇ ಅಲ್ಲ, ಋಣಕ್ಕೆ ಮರಳುವುದು ಎಂದು ಇದರಿಂದ ತಿಳಿಯುತ್ತದೆ. ಆದರೆ ಇದನ್ನು ನೆಪವಾಗಿಸಿಕೊಳ್ಳಬಾರದು. ಅವರು ಮೊದಲು ಬಂದರು, ಪ್ರಯತ್ನಿಸಿದರು. ಬಾಗಿಲು ಮುಚ್ಚಿದ ಮೇಲಷ್ಟೇ ಬೇರೆ ದಾರಿ ಹುಡುಕಿದರು.

ಅರ್ಜಿ ಬರೆಯುತ್ತಿರುವ ಯುವ ಓದುಗರೇ, ನಿಮ್ಮ ಉದ್ದೇಶದಲ್ಲಿ ಸೇವೆಯ ಜೊತೆ ಒಳ್ಳೆಯ ಬದುಕಿನ ಆಸೆಯೂ ಬೆರೆತಿದ್ದರೆ ನಾಚಬೇಕಿಲ್ಲ. ಮನುಷ್ಯನ ಉದ್ದೇಶಗಳು ಬೆರಕೆಯಾಗಿಯೇ ಇರುತ್ತವೆ. ಬೆರಕೆಯನ್ನು ಅಪ್ಪಟವೆಂದು ತೋರಿಸುವಾಗಲೇ ಸುಳ್ಳು ಹುಟ್ಟುವುದು. ವೈದ್ಯನು ವಾಸಿಮಾಡುವುದು ‘ಮನುಷ್ಯ’ ಎಂಬ ಸಾಮಾನ್ಯವನ್ನಲ್ಲ, ತನ್ನೆದುರಿನ ಒಬ್ಬ ರೋಗಿಯನ್ನು ಎಂದು ಅರಿಸ್ಟಾಟಲ್ ವಿವೇಚಿಸಿದ್ದಾನೆ. ನೀತಿಯ ವಿದ್ಯೆಯೂ ಹಾಗೆಯೇ. ನೀವು ಕಲಿಯಹೊರಟಿರುವುದು ‘ಬಡತನ’ವನ್ನು; ಅಕ್ಕಿ ಸಿಗದೆ ಹಿಂದಿರುಗಿದವಳು ಒಬ್ಬ ಅಜ್ಜಿ.

ಆದ್ದರಿಂದ ಪತ್ರವನ್ನು ಕಳುಹಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಅದರಲ್ಲಿ ಆಕೆಯ ಬಗ್ಗೆ ಬರೆದ ಸಾಲುಗಳನ್ನು ಕನ್ನಡಕ್ಕೆ ತನ್ನಿ. ಅವನ್ನು ಆಕೆಯ ಜಗಲಿಯ ಮೇಲೆ ಕುಳಿತು, ಆಕೆಗೇ ಓದಿ ಹೇಳಬಲ್ಲಿರಾ? ಧ್ವನಿ ಎಲ್ಲಿ ತಡವರಿಸುತ್ತದೆಯೋ ಆ ಸಾಲನ್ನು ಹೊಡೆದುಹಾಕಿ. ಉಳಿದದ್ದನ್ನು ನಿರ್ಭಯವಾಗಿ ಕಳುಹಿಸಿ.