ಕೈಯಾರೆ ಮಾಡಿದ ಕಾಣಿಕೆ

ಕೊಡುವವನ ಕೈಯಲ್ಲಿ ಏನಿದೆ ಎಂಬುದನ್ನು ಲೋಕ ನೋಡುತ್ತದೆ. ಕೊಡುವಾಗ ಅವನ ಮನಸ್ಸು ಎಲ್ಲಿದೆ ಎಂಬುದನ್ನು ಶಿವನು ನೋಡುತ್ತಾನೆ. ದೇವರಿಗೆ ಮಾಡುವ ಅರ್ಪಣೆಯ ವಿಷಯದಲ್ಲಿ ಈ ಮಾತು ಎಷ್ಟು ನಿಜವೋ, ಮನೆಮಂದಿ ಒಬ್ಬರಿಗೊಬ್ಬರು ಕೊಡುವ ಸಣ್ಣ ಕಾಣಿಕೆಯ ವಿಷಯದಲ್ಲಿಯೂ ಅಷ್ಟೇ ನಿಜ. ಸಂಕ್ರಾಂತಿ ಸಮೀಪಿಸಿತೆಂದರೆ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಕಾಗದ, ಬಣ್ಣ, ಕತ್ತರಿ, ಅಂಟುಗಳನ್ನು ಮುಂದಿಟ್ಟುಕೊಂಡು ತಾವು ಪ್ರೀತಿಸುವವರಿಗಾಗಿ ಶುಭಾಶಯ ಪತ್ರಗಳನ್ನು ತಯಾರಿಸುತ್ತಾರೆ. ಇದನ್ನು ಕಂಡ ಹಿರಿಯರಲ್ಲಿ ಕೆಲವರು, ಇದು ಬರಿಯ ಮಕ್ಕಳಾಟ, ಪಾಠದ ಹೊತ್ತು ವ್ಯರ್ಥವಾಯಿತು ಎಂದು ಭಾವಿಸುವುದುಂಟು. ಆಟವೇ ಅಹುದಾದರೂ ಆ ಆಟದೊಳಗೆ ಅಡಗಿರುವ ಸಾಧನೆಯನ್ನು ಗೃಹಸ್ಥರು ಮನಗಾಣುವುದು ಉಚಿತವಾಗಿದೆ.

ಹಬ್ಬದ ದಿನ ಶುಭವನ್ನು ಹಾರೈಸಿ ಏನನ್ನಾದರೂ ಕೈಯಲ್ಲಿಡುವುದು ಕನ್ನಡ ನಾಡಿಗೆ ಹೊಸದಲ್ಲ. ಸಂಕ್ರಾಂತಿಯಂದು ಎಳ್ಳುಬೆಲ್ಲ ಬೀರುತ್ತಾರೆ. ಉತ್ತರದ ಸೀಮೆಯಲ್ಲಿ ಕುಸುರೆಳ್ಳು ಕೊಟ್ಟು ಹಿರಿಯರ ಪಾದಕ್ಕೆರಗುತ್ತಾರೆ. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಕೊಟ್ಟು ಅದನ್ನೇ ಬಂಗಾರವೆಂದು ಕರೆಯುತ್ತಾರೆ. ಪೇಟೆಯಲ್ಲಿ ಆ ಎಲೆಗೆ ಕಾಸಿನ ಬೆಲೆಯೂ ಇಲ್ಲ. ಆದರೂ ವರ್ಷವೆಲ್ಲ ಮಾತು ಬಿಟ್ಟಿದ್ದ ನೆರೆಹೊರೆಯವರು ಆ ಎಲೆಯ ನೆಪದಿಂದ ಒಬ್ಬರ ಹೊಸ್ತಿಲನ್ನೊಬ್ಬರು ತುಳಿಯುತ್ತಾರೆ. ಎಲೆಯನ್ನು ಬಂಗಾರ ಮಾಡಿದುದು ಭಾವ. ಮಗು ಬರೆದ ಪತ್ರವನ್ನೂ ಇದೇ ನೋಟದಿಂದ ನೋಡಬೇಕು.

ಅಚ್ಚುಹಾಕಿ ಮಾರುವ ಕ್ರಿಸ್‌ಮಸ್ ಪತ್ರ ಮೊದಲು ಹುಟ್ಟಿದುದು ಇಂಗ್ಲೆಂಡಿನಲ್ಲಿ. ಅದರ ಕಥೆಯೂ ವಿಚಾರಯೋಗ್ಯವಾಗಿದೆ. 1840ರಲ್ಲಿ ಆ ದೇಶದಲ್ಲಿ ಒಂದು ಪೆನ್ನಿಗೆ ಒಂದು ಪತ್ರವನ್ನು ನಾಡಿನ ಯಾವ ಮೂಲೆಗಾದರೂ ಮುಟ್ಟಿಸುವ ಅಂಚೆಯ ಏರ್ಪಾಡು ಜಾರಿಗೆ ಬಂದಿತು. ಆ ಸುಧಾರಣೆಗಾಗಿ ದುಡಿದವರಲ್ಲಿ ಹೆನ್ರಿ ಕೋಲ್ ಎಂಬವನೂ ಒಬ್ಬ. 1843ರ ಕ್ರಿಸ್‌ಮಸ್ ಹಬ್ಬಕ್ಕೆ ಮಿತ್ರರೆಲ್ಲರಿಗೂ ಬೇರೆ ಬೇರೆಯಾಗಿ ಬರೆಯಲು ಅವನಿಗೆ ಬಿಡುವಿಲ್ಲವಾಯಿತು. ಆಗ ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಚಿತ್ರವೊಂದನ್ನು ಬರೆಯಿಸಿ ಅಚ್ಚುಹಾಕಿಸಿದನು. ಹಾರೈಕೆಯ ಮಾತು ಅಚ್ಚಿನಲ್ಲಿಯೇ ಇತ್ತು. ಪಡೆಯುವವನ ಹೆಸರಿಗೂ ಕಳುಹಿಸುವವನ ಹೆಸರಿಗೂ ಮಾತ್ರ ಸ್ಥಳ ಬಿಟ್ಟಿದ್ದಿತು. ಆ ಪತ್ರವನ್ನು ಒಂದು ಶಿಲಿಂಗಿಗೆ ಒಂದರಂತೆ ಮಾರಿದರು. ಆ ಹಣದಲ್ಲಿ 12 ಪತ್ರಗಳನ್ನು ಅಂಚೆಗೆ ಹಾಕಬಹುದಾಗಿದ್ದಿತು.

ಇದಕ್ಕಿಂತ ಹಿಂದೆ, 18ನೆಯ ಶತಮಾನದಿಂದಲೇ, ಅದೇ ದೇಶದ ಶಾಲಾಬಾಲಕರಲ್ಲಿ ಮತ್ತೊಂದು ರೂಢಿಯಿದ್ದಿತು. ಅಂಚಿನಲ್ಲಿ ಚಿತ್ರಗಳಿದ್ದು ನಡುವೆ ಬರಿದಾಗಿದ್ದ ಹಾಳೆಯಲ್ಲಿ ಅವರು ತಮ್ಮ ಅತ್ಯಂತ ಅಂದವಾದ ಅಕ್ಷರಗಳಿಂದ ಬರೆದು, ಕ್ರಿಸ್‌ಮಸ್ಸಿನ ಹೊತ್ತಿಗೆ ತಂದೆತಾಯಿಗಳಿಗೆ ಒಪ್ಪಿಸುತ್ತಿದ್ದರು. ವರ್ಷವೆಲ್ಲ ಕಲಿತ ವಿದ್ಯೆಯೇ ಅವರ ಕಾಣಿಕೆ. ಹೀಗೆ ಅಚ್ಚಿನ ಪತ್ರ ಹಿರಿಯನೊಬ್ಬನ ಬಿಡುವಿಲ್ಲದ ದಿನಗಳಿಂದ ಹುಟ್ಟಿತು. ಮಕ್ಕಳ ಹಾಳೆ ಅವರು ಕೂತು ಸವೆಸಿದ ಹೊತ್ತಿನಿಂದ ಹುಟ್ಟಿತು. ಬಿಡುವಿಲ್ಲದಿರುವುದು ಪಾಪವಲ್ಲ, ಅಚ್ಚಿನ ಪತ್ರ ಕಳುಹಿಸುವುದು ದೋಷವೂ ಅಲ್ಲ. ಆದರೆ ಪ್ರೀತಿಪಾತ್ರರಿಗೆ ಮನುಷ್ಯನು ಕೊಡಬಲ್ಲ ವಸ್ತುಗಳಲ್ಲಿ ಒಮ್ಮೆ ಕೊಟ್ಟರೆ ಮತ್ತೆ ಸಂಪಾದಿಸಲಾಗದುದು ತನ್ನ ಹೊತ್ತು ಒಂದೇ ಎಂಬುದನ್ನು ಮರೆಯಲಾಗದು.

ಶರಣರು ತನು, ಮನ, ಧನ ಮೂರನ್ನೂ ಸವೆಸಬೇಕೆಂದರು. ಮಗುವಿನ ಬಳಿ ಧನವಿಲ್ಲ. ಕಾಗದ ತಂದೆಯದು, ಬಣ್ಣ ಶಾಲೆಯದು. ಆದರೆ ರೇಖೆ ಎಳೆದ ಬೆರಳು ಅದರದು. ಎಳೆಯುವಾಗ ನೆನೆದ ಮನಸ್ಸೂ ಅದರದು. ಅಜ್ಜಿಗೆ ಪತ್ರ ಬರೆಯಬೇಕಾದರೆ ಅಜ್ಜಿಗೆ ಯಾವ ಹೂವು ಇಷ್ಟ, ಅವಳ ಕಣ್ಣಿಗೆ ಅಕ್ಷರ ಎಷ್ಟು ದೊಡ್ಡದಾಗಿರಬೇಕು, ಯಾವ ಮಾತು ಕೇಳಿದರೆ ಅವಳು ನಗುವಳು ಎಂದು ಮಗು ಯೋಚಿಸಲೇಬೇಕು. ಅಷ್ಟು ಹೊತ್ತು ಅದು ತನ್ನನ್ನು ಮರೆತು ಇನ್ನೊಬ್ಬರೊಳಗೆ ನೆಲಸಿರುತ್ತದೆ. ಕೈ ಕೆಲಸ ಮಾಡುವಾಗ ಮನಸ್ಸು ಒಲಿದವರಲ್ಲಿ ನೆಟ್ಟಿರುವುದು ಕಾಯಕದ ಮೊದಲ ಪಾಠ. ಮಾಡಿದುದನ್ನು ನನ್ನದೆನ್ನದೆ ಒಪ್ಪಿಸುವುದು ದಾಸೋಹದ ಮೊದಲ ಪಾಠ. ಎರಡನ್ನೂ ಒಂದು ಹಾಳೆ ಕಲಿಸುವುದಾದರೆ ಅದನ್ನು ವ್ಯರ್ಥವೆನ್ನುವುದು ಹೇಗೆ?

ಮಾದಾರ ಚೆನ್ನಯ್ಯನ ಚರಿತೆ ಸದ್ಭಕ್ತರಿಗೆ ತಿಳಿದುದೇ ಆಗಿದೆ. ಅವನು ಹುಲ್ಲು ತರುವ ಕಾಯಕದವನು. ಅವನು ಭಕ್ತಿಯಿಂದ ಅರ್ಪಿಸಿದ ಅಂಬಲಿಯನ್ನು ಸವಿದ ಶಿವನು, ಅರಸನು ಬಡಿಸಿದ ಮೃಷ್ಟಾನ್ನವನ್ನು ಮುಟ್ಟಲಿಲ್ಲವೆಂದು ಶರಣಚರಿತೆ ಸಾರುತ್ತದೆ. ಅರಸನ ಅಡಿಗೆಯಲ್ಲಿ ರುಚಿಗೆ ಕೊರತೆಯಿತ್ತೆಂದಲ್ಲ. ಅಂಬಲಿಯಲ್ಲಿ ಚೆನ್ನಯ್ಯನೇ ಇದ್ದನು. ಸೊಟ್ಟ ಸೂರ್ಯನೂ ಉದ್ದಗಾಲಿನ ಎತ್ತೂ ಇರುವ ಪತ್ರವನ್ನು ತಾಯಿ ಎದೆಗೊತ್ತಿಕೊಳ್ಳುವುದು ಈ ಕಾರಣದಿಂದಲೇ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಮಗನ ಪತ್ರ ಎಲ್ಲರದಕ್ಕಿಂತ ಮೇಲಾಗಲೆಂದು ಕೆಲವು ತಂದೆಗಳು ತಾವೇ ಚಿತ್ರವನ್ನು ತಿದ್ದಿಕೊಡುತ್ತಾರೆ. ಕೆಲವು ಶಾಲೆಗಳಲ್ಲಿ ಹಲಗೆಯ ಮೇಲೆ ಒಂದು ಮಾದರಿ ಬರೆದು 40 ಮಕ್ಕಳಿಂದಲೂ ಅದನ್ನೇ ನಕಲು ಮಾಡಿಸುತ್ತಾರೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ತಂದಲ್ಲಿಗೇ ಸುರಿದು ಬಾರೆಂದು ಕಳುಹಿದಳು. ಅಗತ್ಯಕ್ಕೆ ಮೀರಿದ ಅಕ್ಕಿ ಕಾಯಕದ ಅಕ್ಕಿಯಲ್ಲವೆಂಬುದು ಆ ತಾಯಿಯ ನಿಲುವು. ತಂದೆ ಎಳೆದ ರೇಖೆ ಮಗುವಿನ ಪತ್ರದಲ್ಲಿ ಅಂತಹ ಹೆಚ್ಚಿನ ಅಕ್ಕಿ. ಅದರಿಂದ ಪತ್ರ ಚೆಂದವಾದೀತು, ಮಗುವಿನದಾಗಲಾರದು. ತನ್ನ ಪ್ರೀತಿ ತಾನಿದ್ದಂತೆ ಸಾಲದು ಎಂಬ ಸಂದೇಹ ಆ ದಿನ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ. ನಷ್ಟವೆಂದರೆ ಇದೇ.

ಮಠದ ಪ್ರಸಾದನಿಲಯದಲ್ಲಿದ್ದು ಓದುವ ಬಾಲಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನ ತಾಯಿ ಕೂಲಿ ಮಾಡಿ ಬದುಕುವವಳು. ಸಂಕ್ರಾಂತಿಗೆ ಊರಿಗೆ ಹೋಗಲು ಅವನಿಗೆ ಅನುಕೂಲವಿಲ್ಲ. ಪುಸ್ತಕದಿಂದ ದೊಡ್ಡ ದೊಡ್ಡ ಮಾತುಗಳನ್ನು ಎತ್ತಿ ಅವನು ಪತ್ರವನ್ನು ತುಂಬಿಸುತ್ತಾನೆ. ಉಪಾಧ್ಯಾಯರು ಕೇಳುತ್ತಾರೆ: "ತಮ್ಮಾ, ಇದನ್ನು ನಿನ್ನ ಅವ್ವ ಓದಬಲ್ಲಳೇ?" ಬಾಲಕ ತಲೆ ತಗ್ಗಿಸುತ್ತಾನೆ: "ಇಲ್ಲ ಗುರುಗಳೇ, ಅವ್ವನಿಗೆ ಓದು ಬಾರದು." "ಹಾಗಾದರೆ ಅವಳು ಓದಬಲ್ಲುದನ್ನು ಬರೆ." ಬಾಲಕ ಬಹಳ ಹೊತ್ತು ಸುಮ್ಮನೆ ಕುಳಿತು, ಹೊಸ ಹಾಳೆಯ ಮೇಲೆ ತನ್ನ ಅಂಗೈಯನ್ನಿಟ್ಟು ಸುತ್ತಲೂ ಸೀಸದ ಕಡ್ಡಿಯಿಂದ ಗೆರೆ ಎಳೆಯುತ್ತಾನೆ, ಕೆಳಗೆ ಮನೆಯ ಒಲೆಯನ್ನೂ ಬಾಗಿಲ ಬಳಿಯ ಬೇವಿನ ಮರವನ್ನೂ ಬರೆಯುತ್ತಾನೆ. ಆ ಪತ್ರ ಊರಿಗೆ ಮುಟ್ಟಿದಾಗ ತಾಯಿ ಯಾರನ್ನೂ ಓದಿಸಿಕೊಡೆಂದು ಕೇಳಬೇಕಾಗಿಲ್ಲ. ಆ ಗೆರೆಯ ಮೇಲೆ ತನ್ನ ಕೈಯನ್ನಿಟ್ಟು, ಮಗ ಎಷ್ಟು ಬೆಳೆದನೆಂದು ಅಳೆದು ನೋಡಬಲ್ಲಳು. ಅಕ್ಷರ ಸೋತಲ್ಲಿ ಭಾವ ಹೀಗೆ ದಾರಿ ಕಂಡುಕೊಳ್ಳುತ್ತದೆ.

ಇನ್ನು ನುಡಿಯ ಮಾತು. ಪತ್ರದಲ್ಲಿ ಬರೆದುದು ಮರುದಿನದ ನಡೆಯಲ್ಲಿ ಕಾಣಬೇಕು. "ಅವ್ವಾ, ನೀನೆಂದರೆ ನನಗೆ ಪ್ರಾಣ" ಎಂದು ಬರೆದ ಹುಡುಗಿ, ಒಂದು ಕೊಡ ನೀರು ತಾರೆಂದಾಗ ಮುಖ ಸಿಂಡರಿಸಿದರೆ ಆ ಬಣ್ಣವೆಲ್ಲ ಮಾಸಿಹೋಗುತ್ತದೆ. ಆದಕಾರಣ ಹಾರೈಕೆಯ ಜೊತೆಗೆ ತಾನು ನಡೆಸಬಲ್ಲ ಒಂದು ಸಣ್ಣ ಮಾತನ್ನೂ ಬರೆಯುವಂತೆ ಮಕ್ಕಳಿಗೆ ತಿಳಿಸುವುದು ಲೇಸು: ದಿನವೂ ಅಜ್ಜನ ಕನ್ನಡಕ ಒರೆಸಿಕೊಡುವೆನೆಂದೋ, ತಂಗಿಯೊಡನೆ ಜಗಳವಾಡೆನೆಂದೋ. ಪತ್ರ ಆಗ ನಡೆಸಿಕೊಡಬೇಕಾದ ಭಾಷೆಯಾಗುತ್ತದೆ; ಅದನ್ನು ತೀರಿಸುವ ಹೊಣೆ ಬರೆದವರ ಮೇಲಿರುತ್ತದೆ.

ಪಡೆಯುವವರಿಗೂ ಧರ್ಮವುಂಟು. ಮಗು ಪತ್ರವನ್ನು ನೀಡಿದಾಗ ಕೈಯಲ್ಲಿನ ಕೆಲಸವನ್ನು ಬಿಟ್ಟು ಎರಡೂ ಕೈಯಿಂದ ಕೊಳ್ಳಬೇಕು. ಒತ್ತಕ್ಷರದ ತಪ್ಪನ್ನು ಆ ಗಳಿಗೆಯಲ್ಲಿ ಎತ್ತಿ ಆಡಬಾರದು, ಅದಕ್ಕೆ ಮರುದಿನವಿದೆ. ಅಣ್ಣನ ಪತ್ರದೊಡನೆ ತಮ್ಮನದನ್ನು ಹೋಲಿಸಬಾರದು. ಸಾಧ್ಯವಾದರೆ ತಾಯಿತಂದೆಗಳೂ ಒಂದು ಹಾಳೆಯನ್ನು ತೆಗೆದುಕೊಂಡು, ಊರಿನಲ್ಲಿ ಒಂಟಿಯಾಗಿರುವ ತಮ್ಮ ಹಿರಿಯರಿಗೆ ನಾಲ್ಕು ಸಾಲು ಕೈಯಾರೆ ಬರೆಯಬೇಕು. ಮಕ್ಕಳು ಕೇಳಿ ಕಲಿಯುವುದಕ್ಕಿಂತ ಕಂಡು ಕಲಿಯುವುದೇ ಹೆಚ್ಚು.

ಈ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲದ ತಟ್ಟೆಯೊಡನೆ ಮನೆಮನೆಗೂ ಒಂದು ಸೊಟ್ಟ ಸೂರ್ಯನು ಬರಲಿ. ಅದನ್ನು ಬರೆದ ಎಳೆಯ ಕೈಗಳು ಕೊಡುವುದರ ಸುಖವನ್ನು ಅರಿಯಲಿ. ಪಡೆದ ಹಿರಿಯ ಕೈಗಳು ಅದನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಸರ್ವರಿಗೂ ಶಿವನು ಸನ್ಮಂಗಳವನ್ನುಂಟುಮಾಡಲಿ.